ಮುಂಬೈಯಲ್ಲಿ ಒಬ್ಬಳೇ ಇದೀನಿ, ಉಳಿದ ದಿನಗಳನ್ನ ಹೇಗೆ ಕಳೀಲಿ?

ರಾಣೆಬೆನ್ನೂರು ಹುಡುಗಿ:

ಮುಂಬೈ ಕನ್ನಡಿಗರಿಗೆಲ್ಲಾ ನಮಸ್ಕಾರ. ನಾನು ರಾಣೆಬೆನ್ನೂರಿನವಳು. ಹಳೇ ಕೆಲಸ ಬಿಟ್ಟು ಹೊಸದಕ್ಕೆ ಸೇರೋ ಮಧ್ಯೆ ಸ್ವಲ್ಪ ಬಿಡುವು ಸಿಕ್ತು, ಅಪ್ಪನ್ನ ಒಪ್ಪಿಸೋಕೆ ಸಾಕುಬೇಕಾಯ್ತು, ಆದ್ರೂ ಒಪ್ಪಿಸಿ ಒಬ್ಬಳೇ ಮುಂಬೈ ನೋಡೋಕೆ ಬಂದಿದೀನಿ. ಅಂಧೇರಿ ಈಸ್ಟಲ್ಲಿ ಲೇಡೀಸ್ ಹಾಸ್ಟೆಲಲ್ಲಿ ಒಂದು ಬೆಡ್ ತಗೊಂಡಿದೀನಿ, ಜಾಗ ಚೆನ್ನಾಗಿದೆ, ಸೇಫ್ ಆಗಿದೆ, ಅದರ ಬಗ್ಗೆ ಚಿಂತೆ ಇಲ್ಲ. ಗೇಟ್‌ವೇ, ಮರೀನ್ ಡ್ರೈವ್, ಸಿಎಸ್‌ಎಂಟಿ, ಹಾಜಿ ಅಲಿ, ಸಿದ್ಧಿವಿನಾಯಕ, ಬಾಂದ್ರಾ ಎಲ್ಲಾ ಆಯ್ತು. ಇವತ್ತು ಶನಿವಾರ. ಮಂಗಳವಾರ ರಾತ್ರಿ ದಾದರ್‌ನಿಂದ ಹುಬ್ಬಳ್ಳಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಕನ್ಫರ್ಮ್ ಇದೆ. ಅಲ್ಲಿವರೆಗೂ ಟೈಮು ನಂದೇ.

ಏನ್ ಮಾಡ್ಲಿ ಅಂತ ತೋಚ್ತಾನೇ ಇಲ್ಲ. ಹಾಸ್ಟೆಲಲ್ಲಿ ಒಬ್ಬರು ಲೋಣಾವಳಾಗೆ ಹೋಗಿ ಬಾ ಅಂತಾರೆ, ಇನ್ನೊಬ್ರು ಎಲಿಫೆಂಟಾ ಗುಹೆ ಬಿಡ್ಲೇಬೇಡ ಅಂತಾರೆ. ನನಗೆ ಒಳಗೊಳಗೆ ಕಾನ್ಹೇರಿ ಗುಹೆ ನೋಡೋ ಆಸೆ, ಆದ್ರೆ ಅದು ಕಾಡಿನ ಮಧ್ಯೆ ಇದೆಯಂತೆ, ಹುಡುಗಿ ಒಬ್ಬಳೇ ಹೋಗ್ಬಹುದಾ? ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಚೆಕ್‌ಔಟ್, ಟ್ರೈನು ರಾತ್ರಿ, ಅಲ್ಲಿವರೆಗೂ ಬ್ಯಾಗು ಎಲ್ಲಿಡ್ಲಿ ಅನ್ನೋದೂ ಒಂದು ತಲೆನೋವು. ಬ್ಯಾಗು ದೊಡ್ಡದು, ಅಮ್ಮಂಗೆ ಸೀರೆ ತಗೊಂಡ ಮೇಲೆ ಇನ್ನೂ ಭಾರ ಆಗಿದೆ.

ಇದೆಲ್ಲಾ ಬಿಟ್ಟು ಇನ್ನೊಂದು ವಿಷಯ ಕೇಳ್ಬೇಕು ಅಂತಾನೇ ಇಲ್ಲಿ ಬರೀತಿರೋದು. ಬಂದ ಹೊಸದ್ರಲ್ಲಿ ಎಲ್ಲಾ ಖುಷಿ ಇತ್ತು, ಈಗ ಬೆಳಿಗ್ಗೆ ಎದ್ರೆ ಹೊರಗೆ ಹೋಗೋ ಉತ್ಸಾಹ ಬರ್ತಿಲ್ಲ. ಹಾಸ್ಟೆಲಲ್ಲಿ ಪರಿಚಯ ಆಗಿದ್ದ ಕೇರಳದ ಹುಡುಗಿ ಊರಿಗೆ ಹೋದ್ಲು. ನಿನ್ನೆ ಊಟಕ್ಕೆ ಕೂತಾಗ ಇಡೀ ದಿನ "ಕಿತನಾ ಹುವಾ" ಅನ್ನೋದು ಬಿಟ್ರೆ ಯಾರ ಹತ್ರಾನೂ ಒಂದು ಮಾತೂ ಆಡಿಲ್ಲ ಅಂತ ನೆನಪಾಗಿ ಗಂಟಲು ಕಟ್ಟಿಬಿಡ್ತು. ಊರಿಗೆ ಹೋಗ್ಬೇಕು ಅಂತಾನೂ ಅನ್ಸುತ್ತೆ, ಹೋದ್ಮೇಲೆ ಇಂಥಾ ಅವಕಾಶ ಮತ್ತೆ ಯಾವಾಗ ಸಿಗುತ್ತೋ, ಉಳಿದ ದಿನಗಳನ್ನ ಹಾಳ್ ಮಾಡ್ಕೋಬಾರ್ದು ಅಂತಾನೂ ಅನ್ಸುತ್ತೆ. ತತ್ಕಾಲಲ್ಲಿ ಟಿಕೆಟ್ ತಗೊಂಡು ನಾಳೆನೇ ಹೊರಟುಬಿಡ್ಲಾ ಅಂತಾನೂ ಯೋಚನೆ ಬಂತು. ಒಬ್ರೇ ತಿರುಗಾಡಿರೋರು, ಇಲ್ಲೇ ಇರೋರು ಸ್ವಲ್ಪ ಹೇಳಿ.


ಸಯಾನ್ ಮಾಮ:

ಮಗಳೇ, ಮೊದಲು ಆ ತತ್ಕಾಲ್ ಯೋಚನೆ ಬಿಡು. ಲೋಣಾವಳವೂ ಬೇಡ. ರಜೆಯ ದಿನ ಇಡೀ ಮುಂಬೈಯೇ ಆ ಘಾಟಿಗೆ ಹೋಗಿ ಕೂತಿರ್ತದೆ, ಹೋಗಿ ಬರೋದ್ರಲ್ಲಿ ದಿನ ಮುಗೀತದೆ, ಗುಡ್ಡ ನೋಡ್ಲಿಕ್ಕೆ ನಿನಗೆ ನಮ್ಮ ಪಶ್ಚಿಮ ಘಟ್ಟ ಊರಿಗೆ ಹತ್ರವೇ ಉಂಟು.

ನೀನು ಮಾಟುಂಗಾಕ್ಕೆ ಹೋಗು, ದಾದರಿನ ಪಕ್ಕದಲ್ಲಿ ನಮ್ಮ ದಕ್ಷಿಣದವರು ತುಂಬಾ ಇರುವ ಜಾಗ. ನಿನ್ನ ಪಟ್ಟಿಯಲ್ಲಿ ಮಾಟುಂಗಾ ಇಲ್ಲದ್ದು ನೋಡಿ ನನಗೆ ಆಶ್ಚರ್ಯ ಆಯ್ತು. ಗಂಟಲು ಕಟ್ಟಿದೆ ಅಂತ ಬರೆದಿದ್ದೀಯಲ್ಲ, ಅದಕ್ಕೆ ಮದ್ದು ಅಲ್ಲಿ ಸಿಗ್ತದೆ. ಸ್ಟೇಷನ್ ಈಸ್ಟಿಗೆ ಇಳಿದ್ರೆ ಎದುರಿಗೇ ಮುನ್ಸಿಪಲ್ ಮಾರ್ಕೆಟಿನ ಕಟ್ಟಡ, ಅದರ ಮೊದಲ ಮಹಡಿಯಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದ್ದು. ಮಧ್ಯಾಹ್ನ ಹನ್ನೆರಡರ ಒಳಗೆ ಹೋಗು, ಆಮೇಲೆ ಮೆಟ್ಟಿಲ ತನಕ ಕ್ಯೂ ಬರ್ತದೆ. ಬಾಳೆಲೆ ಊಟ ಅಂತ ಹೇಳಿ ಕೂಪನ್ ತಗೋ. ಒಬ್ಬಳೇ ಹೋದ್ರೆ ಖಾಲಿ ಇದ್ದ ಸೀಟಿಗೆ ಕೂರಿಸ್ತಾರೆ, ಎದುರು ಯಾರೋ ಬ್ಯಾಂಕಿನವರು, ಪಕ್ಕದಲ್ಲಿ ಯಾರೋ ಕಾಲೇಜು ಹುಡುಗರು, ಅಲ್ಲಿ ಒಬ್ಬರೇ ಊಟ ಮಾಡೋದು ಅಂತ ಒಂದು ಇಲ್ಲವೇ ಇಲ್ಲ. ಎಲೆಗೆ ನೀರು ಚಿಮುಕಿಸಿ ಒರೆಸಿಕೋ, ಪಲ್ಯ ಬರ್ತದೆ, ಆಮೇಲೆ ಅನ್ನ, ಸಾರು, ಸಾಂಬಾರು, ಕೊನೆಗೆ ಮಜ್ಜಿಗೆ. ಬಡಿಸುವವರ ಹತ್ರ ಕನ್ನಡದಲ್ಲಿ "ಸ್ವಲ್ಪ ಸಾರು ಹಾಕಿ" ಅಂತ ಹೇಳಿ ನೋಡು. ಕೈಯಲ್ಲಿ ಬಕೆಟ್ ಹಿಡ್ಕೊಂಡೇ ನಿಂತು "ಯಾವ ಊರು?" ಅಂತ ಕೇಳ್ತಾರೆ. ಸೋಮವಾರ ಅವರಿಗೆ ರಜೆ, ಅದೊಂದು ನೆನಪಿಟ್ಕೋ.

ನಾನು ಕುಂದಾಪುರದ ಕಡೆಯವ. ಮೀಸೆ ಮೂಡುವ ಮುಂಚೆ ಈ ಊರಿಗೆ ಬಂದವ, ಹಗಲು ಹೋಟೆಲಲ್ಲಿ ಕೆಲಸ, ರಾತ್ರಿ ಫೋರ್ಟಿನಲ್ಲಿ ಕನ್ನಡ ರಾತ್ರಿ ಶಾಲೆ. ನಮ್ಮ ಕಡೆಯ ಎಷ್ಟೋ ಹುಡುಗರು ಹಾಗೇ ಓದಿದ್ದು, ಬಟ್ಟಲು ತೊಳೆದ ಕೈಯಲ್ಲೇ ಮೆಟ್ರಿಕ್ ಬರೆದವರು ಆಮೇಲೆ ಬ್ಯಾಂಕಿಗೆ ಹೋದ್ರು, ವಕೀಲರಾದ್ರು, ಸ್ವಂತ ಹೋಟೆಲ್ ಇಟ್ರು. ಆಗ ಊರಿಗೆ ಫೋನ್ ಇಲ್ಲ, ಕಾಗದ ಹಾಕಿದ್ರೆ ಉತ್ತರ ಬರ್ಲಿಕ್ಕೆ ದಿನಗಟ್ಟಲೆ. ರಜೆ ಸಿಕ್ಕಿದ ದಿನ ನಾವೆಲ್ಲ ಹೋಗ್ತಿದ್ದದ್ದು ಮಾಟುಂಗಾಕ್ಕೇ, ಕೊಂಡುಕೊಳ್ಳುವುದು ಏನೂ ಇರ್ತಿರ್ಲಿಲ್ಲ, ಸುಮ್ಮನೆ ನಮ್ಮ ಮಾತು ಕಿವಿಗೆ ಬೀಳ್ಲಿ ಅಂತ. ಹಾಗಾಗಿ ನೀನು ಬರೆದದ್ದು ನನಗೆ ಚೆನ್ನಾಗಿ ಅರ್ಥ ಆಗ್ತದೆ.

ಊಟ ಆದ ಮೇಲೆ ಭಂಡಾರ್ಕರ್ ರೋಡ್, ತೆಲಂಗ್ ರೋಡ್ ಕಡೆ ನಡಿ. ಹೂವಿನ ಅಂಗಡಿಗಳಲ್ಲಿ ಮಲ್ಲಿಗೆ ಮೊಳ ಲೆಕ್ಕದಲ್ಲಿ ಸಿಗ್ತದೆ, ಬಾಳೆಎಲೆ, ನುಗ್ಗೆಕಾಯಿ, ಕಾಫಿಪುಡಿ ಎಲ್ಲ ಉಂಟು. ಪೇಪರ್ ಅಂಗಡಿಯಲ್ಲಿ ಕರ್ನಾಟಕ ಮಲ್ಲ ಕೇಳು, ಮುಂಬೈಯಲ್ಲೇ ಅಚ್ಚಾಗುವ ಕನ್ನಡ ದಿನಪತ್ರಿಕೆ, ಊರಿಗೆ ತಗೊಂಡು ಹೋಗಿ ಅಪ್ಪನಿಗೆ ತೋರಿಸು. ಭಾವು ದಾಜಿ ರೋಡಿನಲ್ಲಿ ಮೈಸೂರು ಅಸೋಸಿಯೇಷನ್ ಉಂಟು, 1926ರಲ್ಲಿ ಶುರುವಾದದ್ದು, ಬಾಗಿಲ ಬೋರ್ಡಿನಲ್ಲಿ ಸಂಜೆ ಏನಾದ್ರೂ ನಾಟಕ, ಭಾಷಣ ಉಂಟಾ ಅಂತ ನೋಡು. ಇದ್ರೆ ಒಳಗೆ ಹೋಗಿ ಕೂತ್ಕೋ, ಯಾರೂ ಬೇಡ ಅನ್ನುವುದಿಲ್ಲ.


ಡೊಂಬಿವ್ಲಿ ಧಾರವಾಡದಾಂವ:

ತಂಗೀ, ಮಾಮಾ ಹೇಳಿದ್ದು ಖರೇ ಐತಿ, ಆದ್ರ ವಾರದ ಲೆಕ್ಕ ಮೊದಲ ಸರಿ ಮಾಡ್ಕೋ, ಇಲ್ಲಾಂದ್ರ ಹೋದಲ್ಲೆಲ್ಲಾ ಬಾಗಿಲಾ ಹಾಕಿರ್ತಾವ. ಸೋಮವಾರ ಎಲಿಫೆಂಟಾ ಬಂದ್, ಬೋರಿವ್ಲಿ ನ್ಯಾಷನಲ್ ಪಾರ್ಕ್ ಬಂದ್, ಪಾರ್ಕ್ ಬಂದ್ ಅಂದ್ಮ್ಯಾಲೆ ಅದರೊಳಗಿನ ಕಾನ್ಹೇರಿನೂ ಬಂದ್. ಮಾಟುಂಗಾದ ಹಳೇ ಹೋಟೆಲ್ ಕೆಲವಕ್ಕೂ ಅವತ್ತ ಸುಟ್ಟಿ.

ಭಾನುವಾರದ್ದು ಬ್ಯಾರೇನ ಕಥಿ. ಸೆಂಟ್ರಲ್ ಲೈನು, ಹಾರ್ಬರ್ ಲೈನಿನ್ಯಾಗ ಮೆಗಾಬ್ಲಾಕ್ ಇರ್ತೈತಿ, ಹಳಿ ರಿಪೇರಿ ಮಾಡಾಕ ಅಂತ ಮಧ್ಯಾಹ್ನದ ತನಕಾ ಕೆಲವು ಲೈನ್ ಬಂದ್ ಮಾಡ್ತಾರ, ಗಾಡಿ ತಡಾ ಆಗ್ತಾವ, ಫಾಸ್ಟ್ ಲೋಕಲ್ ಸ್ಲೋ ಟ್ರ್ಯಾಕಿಗೆ ಬರ್ತಾವ. ಎಲ್ಲಿಂದ ಎಲ್ಲೀತನಕಾ ಅಂತ ಹಿಂದಿನ ದಿನನ ಪೇಪರಿನ್ಯಾಗ ಹಾಕಿರ್ತಾರ, ನೋಡ್ಕೊಂಡ ಹೊಂಡು. ನೀ ಇರೂದು ಅಂಧೇರಿ, ವೆಸ್ಟರ್ನ್ ಲೈನು, ಅಲ್ಲೂ ಆಗಾಗ ಬ್ಲಾಕ್ ತಗೋತಾರ. ನಮ್ಮ ಡೊಂಬಿವ್ಲಿ ಮಂದಿ ಭಾನುವಾರ ಮನಿ ಬಿಟ್ಟು ಹೊರಗ ಬೀಳಬೇಕಂದ್ರ ಎರಡ ಸಲ ವಿಚಾರ ಮಾಡ್ತೀವಿ.

ನನ್ನ ಕೇಳಿದ್ರ ಎಲಿಫೆಂಟಾ ಬಿಡಬ್ಯಾಡ. ಮಂಗಳವಾರ ಮುಂಜಾನೆ ಗೇಟ್‌ವೇಕ ಹೋಗಿ ಮೊದಲನೇ ಬೋಟ್ ಹಿಡಿ, ಒಂದ್ ತಾಸಿನ ದಾರಿ ಅಷ್ಟ. ಬೋಟಿನ ಮ್ಯಾಲಿನ ಡೆಕ್ಕಿನ್ಯಾಗ ಕುಂತ್ರ ಹಿಂದ ಗೇಟ್‌ವೇ ಸಣ್ಣದ ಆಗ್ಕೋತ ಹೋಗ್ತೈತಿ, ಬಾಜೂಕ ನೌಕಾಪಡಿ ಹಡಗ, ಮ್ಯಾಲೆ ಬೆಳ್ಳಕ್ಕಿ ಹಂಗ ಬಿಳೀ ಸಮುದ್ರದ ಹಕ್ಕಿ ಹಾರ್ತಿರ್ತಾವ. ದಂಡಿಂದ ಗುಹಾದ ತನಕಾ ನೂರಾ ಚಿಲ್ಲರ ಮೆಟ್ಟಲಾ ಅದಾವ. ಒಳಗ ಸದಾಶಿವನ ಮೂರ್ತಿ, ಮೂರು ಮಾರಿದು, ಇಪ್ಪತ್ತ ಫೂಟಿನಷ್ಟು ಎತ್ತರ. ಬಾಗಲದಾಗ ನಿಂತಾಗ ಏನೂ ಕಾಣೂದಿಲ್ಲ, ಕಣ್ಣಿಗೆ ಕತ್ತಲಿ ಹೊಂದಿದ ಮ್ಯಾಲೆ ಒಳಗಿನ ಗ್ವಾಡಿಯಿಂದ ಮೆಲ್ಲಕ ನಡಬರಕಿನ ಮಾರಿ ಎದ್ದ ಬರ್ತೈತಿ, ಕಣ್ಣ ಮುಚ್ಚಿದಾಂವ, ತುಟಿ ದಪ್ಪ, ಎಷ್ಟ ಶಾಂತ ಅಂತಿ! ಅದನ್ನ ನೋಡಲಾರದ ಮುಂಬೈಯಿಂದ ಊರಿಗೆ ಹೋದ್ರ ಏನ್ ನೋಡಿದಂಗಾತು? ಅಂದಂಗ ಪೋರ್ಚುಗೀಸರು ಆ ದ್ವೀಪಕ್ಕ ಎಲಿಫೆಂಟಾ ಅಂತ ಹೆಸರಿಟ್ಟದ್ದು ಅಲ್ಲಿದ್ದ ಕಲ್ಲಿನ ಆನಿ ನೋಡಿ. ಈಗ ಆ ಆನಿ ದ್ವೀಪದಾಗಿಲ್ಲ, ಭಾಯಖಳಾದ ಜಿಜಾಮಾತಾ ಉದ್ಯಾನದಾಗ ಮ್ಯೂಸಿಯಂ ಹೊರಗ ನಿಂತೈತಿ.


ಶಾಸನಪ್ರೇಮಿ:

ಕಾನ್ಹೇರಿ ನೋಡೋ ಆಸೆ ಇದೆ ಅಂತ ಒಂದೇ ಸಾಲಲ್ಲಿ ಬರೆದು ಮುಂದೆ ಹೋಗಿಬಿಟ್ಟಿದೀರಿ, ಆ ಆಸೆನೇ ಮೊದಲು ತೀರಿಸ್ಕೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ಎಲಿಫೆಂಟಾ ಭವ್ಯವಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಅಲ್ಲಿ ಗೈಡು, ಬೋಟು, ಗದ್ದಲದ ಮಧ್ಯೆ ಒಂದೆರಡು ಗಂಟೆ ನೋಡಿ ವಾಪಸ್ ಬರೋದು. ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಗುಹೆ ಇವೆ, ಒಂದು ಗುಂಪು ಎದುರಿಗೆ ಬಂದ್ರೆ ನೀವು ಇನ್ನೊಂದು ಮೆಟ್ಟಿಲು ಹತ್ತಿ ಮೇಲಿನ ಗುಹೆಗೆ ಹೋಗಿಬಿಡಬಹುದು. ಒಬ್ರೇ ಬಂದವರಿಗೆ ಅದಕ್ಕಿಂತ ಒಳ್ಳೆ ಜಾಗ ಮುಂಬೈಯಲ್ಲಿ ನನಗೆ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಬೇಗ ಹೋಗಿ. ಅಂಧೇರಿಯಿಂದ ಬೋರಿವ್ಲಿ ಲೋಕಲ್, ಈಸ್ಟಿಗೆ ಇಳಿದು ಆಟೋ ಅಥವಾ ನಡಿಗೆ, ಪಾರ್ಕ್ ಗೇಟಲ್ಲಿ ಟಿಕೆಟ್, ಗುಹೆ ಹತ್ರ ಪುರಾತತ್ವ ಇಲಾಖೆಯವರ ಟಿಕೆಟ್ ಬೇರೆ. ಗೇಟಿಂದ ಗುಹೆಗೆ ಕಾಡಿನ ದಾರಿ ಕೆಲವು ಕಿಲೋಮೀಟರ್ ಆಗುತ್ತೆ, ಒಬ್ಬರೇ ನಡ್ಕೊಂಡು ಹೋಗ್ಬೇಡಿ, ಚಿರತೆ ಇರೋ ಕಾಡು ಅದು, ಒಳಗೆ ಬಸ್ ಓಡುತ್ತೆ ಅದ್ರಲ್ಲೇ ಹೋಗಿ. ಭಾನುವಾರ ಜನ ತುಂಬಾ ಇರ್ತಾರೆ, ಹಾಗಾಗಿ ಹುಡುಗಿ ಒಬ್ಬಳೇ ಅನ್ನೋ ಭಯ ಬೇಡ. ನೀರು ತಗೊಂಡು ಹೋಗಿ, ಕೋತಿಗಳ ಎದುರಿಗೆ ತಿಂಡಿ ಪೊಟ್ಟಣ ಮಾತ್ರ ತೆಗೀಬೇಡಿ.

ಮೂರನೇ ಗುಹೆಯ ಚೈತ್ಯ, ಅಂದ್ರೆ ಬೌದ್ಧರ ಪ್ರಾರ್ಥನಾ ಮಂದಿರ, ಎಲ್ರೂ ನೋಡ್ತಾರೆ, ಜಗುಲಿಯ ಎರಡೂ ಕಡೆ ನಿಂತ ಬುದ್ಧರು ಏಳು ಮೀಟರಿನಷ್ಟು ಎತ್ತರ, ಕತ್ತು ನೋಯೋವರೆಗೂ ನೋಡ್ಬೇಕು. ಆದ್ರೆ ನಿಮಗೆ ಹೇಳ್ಬೇಕಾಗಿರೋದು ಬೇರೆ. ಆ ಬೆಟ್ಟದಲ್ಲಿ ನಮ್ಮ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳಿವೆ. ಕೊಂಕಣವನ್ನ ಆಗ ಆಳ್ತಿದ್ದ ಶಿಲಾಹಾರರು ಮಾನ್ಯಖೇಟಕ್ಕೆ ಸಾಮಂತರು, ಅಂದ್ರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡಕ್ಕೆ. 843, 853, 877, ಹೀಗೆ ಮೂರು ಶಾಸನ. ಅದ್ರಲ್ಲಿ 853ರದ್ದು ಗೌಡ ದೇಶದಿಂದ ಬಂದ ಅವಿಘ್ನಾಕರ ಅನ್ನೋ ಬೌದ್ಧ ಉಪಾಸಕನ ದತ್ತಿ, ಗೌಡ ಅಂದ್ರೆ ಬಂಗಾಳದ ಕಡೆ. ಭಿಕ್ಷುಗಳಿಗೆ ಇರೋಕೆ ಜಾಗ ಮಾಡ್ಸಿ 100 ದ್ರಮ್ಮ, ಅಂದ್ರೆ ಆಗಿನ ನಾಣ್ಯ, ಇಟ್ಟು ಹೋಗಿದಾನೆ. ಬಂಗಾಳದಿಂದ ಇಲ್ಲಿಗೆ ಅಷ್ಟು ದೂರ ಬಂದೋನು, ಇಲ್ಲಿ ಅವನಿಗೆ ಯಾರ ಪರಿಚಯ ಇತ್ತು, ಯಾವ ಭಾಷೇಲಿ ಮಾತಾಡ್ದ, ಏನೂ ಉಳಿದಿಲ್ಲ, ಹೆಸರು ಉಳಿದಿದೆ. ಇನ್ನು ತೊಂಬತ್ತನೇ ಗುಹೆಯಲ್ಲಿ 1009ರಲ್ಲಿ, ಮತ್ತೆ 1021ರಲ್ಲಿ ನೋಡೋಕೆ ಬಂದ ಪಾರ್ಸಿಗಳು ಹಳೇ ಪರ್ಷಿಯಾದ ಪಹ್ಲವಿ ಲಿಪಿಯಲ್ಲಿ ತಮ್ಮ ತಮ್ಮ ಹೆಸರು, ಬಂದ ದಿನ ಕೆತ್ತಿ ಹೋಗಿದಾರೆ. ಆಗಲೇ ಅದು ಹಳೇ ಜಾಗ, ಅವರೂ ನಿಮ್ಮ ಹಾಗೆ ನೋಡೋಕೆ ಅಂತ ಬಂದವರೇ. ಕಲ್ಲಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಅವರನ್ನೆಲ್ಲಾ ನೆನಸ್ಕೊಳ್ಳಿ.

ಸೋಮವಾರಕ್ಕೆ ಕಾಳಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ, ಹಳೇ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಅದು ಸೋಮವಾರಾನೂ ತೆಗೆದಿರುತ್ತೆ. ಶಿಲ್ಪಗಳ ಗ್ಯಾಲರಿಯಲ್ಲಿ ನಮ್ಮ ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿ ಕಲ್ಲುಗಳಿವೆ, ಬ್ರಹ್ಮ, ವಿಷ್ಣು, ಶಿವ ಪಾರ್ವತಿ. ಹಾವೇರಿ ಜಿಲ್ಲೆಯವರು ನೀವು, ಸ್ಕೂಲ್ ಟೂರಲ್ಲಿ ಐಹೊಳೆ, ಬಾದಾಮಿ ನೋಡೇ ಇರ್ತೀರಿ, ಅಲ್ಲಿ ನೋಡೋಕೆ ಸಿಗದೇ ಇರೋದು ಇಲ್ಲಿದೆ. ಆ ಬ್ರಹ್ಮನ ಎದುರು ನಿಂತಾಗ ಒಂದು ವಿಷಯ ಗಮನಿಸಿ. ಅದನ್ನ ಕೆತ್ತಿದ್ದು ಗುಡಿಯ ಛತ್ತಿಗೆ, ಭಕ್ತರು ಕೆಳಗೆ ನಿಂತು ಕತ್ತೆತ್ತಿ ನೋಡ್ತಿದ್ದ ಶಿಲ್ಪ ಅದು. ಈಗ ನಮ್ಮ ಕಣ್ಣಿನ ಎತ್ತರಕ್ಕೆ ಬಂದಿರೋದ್ರಿಂದ ಋಷಿಗಳ ಗಡ್ಡ, ಹಂಸದ ಕೊಕ್ಕು ಎಲ್ಲಾ ಹತ್ತಿರದಿಂದ ಕಾಣುತ್ತೆ. ನನಗೆ ಅದನ್ನ ನೋಡಿದಾಗೆಲ್ಲಾ ಸಂತೋಷಾನೂ ಆಗುತ್ತೆ, ಅದು ಅದರ ಗುಡಿಯಲ್ಲೇ ಇರ್ಬೇಕಿತ್ತು ಅಂತ ಸಂಕಟಾನೂ ಆಗುತ್ತೆ.

ಕಾಲಲ್ಲಿ ಶಕ್ತಿ ಉಳಿದಿದ್ರೆ ಸಂಜೆ ವಾಲ್ಕೇಶ್ವರದ ಬಾಣಗಂಗಾ ಕೆರೆ. 1127ರಲ್ಲಿ ಶಿಲಾಹಾರರ ಮಂತ್ರಿ ಲಕ್ಷ್ಮಣ ಪ್ರಭು ಕಟ್ಸಿದ್ದು ಅಂತಾರೆ. ಸಮುದ್ರ ಪಕ್ಕದಲ್ಲೇ ಇದ್ರೂ ನೀರು ಸಿಹಿ.


ಮುಲುಂಡ್ ಅಕ್ಕ:

ಎಲ್ರೂ ಒಳ್ಳೇದೇ ಹೇಳಿದೀರ, ಆದ್ರೆ ಎಲಿಫೆಂಟಾನ ಮಂಗಳವಾರಕ್ಕೆ ಇಡೋದಕ್ಕೆ ನಾನು ಒಪ್ಪಲ್ಲ ಅಣ್ಣಾ. ರಾತ್ರಿ ಟ್ರೈನ್ ಹಿಡಿಯೋ ದಿನ ಸಮುದ್ರ ದಾಟಿ ಹೋಗೋದು ಯಾಕೆ? ಬೋಟು ತಡ ಆಗ್ಬಹುದು, ಬಿಸಿಲಲ್ಲಿ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿ ಬಂದು, ಅಂಧೇರಿಗೆ ಹೋಗಿ ಬ್ಯಾಗ್ ತಗೊಂಡು ಮತ್ತೆ ದಾದರಿಗೆ ಬರೋದು. ಜೊತೇಲಿ ಇನ್ನೊಬ್ರಿದ್ರೆ ಒಬ್ರು ಬ್ಯಾಗ್ ನೋಡ್ಕೋತಾರೆ, ಒಬ್ರು ಓಡಾಡ್ತಾರೆ. ಒಬ್ಬಳೇ ಇದ್ದಾಗ ಎಲ್ಲಾ ನೀನೇ ಹೊರಬೇಕು, ಹಾಗಾಗಿ ಹೊರಡೋ ದಿನ ದಾದರ್ ಬಿಟ್ಟು ದೂರ ಹೋಗ್ಬೇಡಮ್ಮ. ಎಲಿಫೆಂಟಾ ಮುಂದಿನ ಸಲಕ್ಕಿರಲಿ, ಅಮ್ಮನ್ನ ಕರ್ಕೊಂಡು ಬಾ.

ಮಂಗಳವಾರ ಹೀಗೆ ಮಾಡು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಚರ್ಚ್‌ಗೇಟ್ ಕಡೆ ಹೋಗೋ ಲೋಕಲಿಗೆ ಆ ಬ್ಯಾಗ್ ಹಿಡ್ಕೊಂಡು ಹತ್ತೋಕೇ ಆಗಲ್ಲ, ಹತ್ತಿದ್ರೆ ಇಳಿಯೋಕೆ ಆಗಲ್ಲ. ಚೆಕ್‌ಔಟ್ ಮಾಡಿ ಹಾಸ್ಟೆಲಿನ ರಿಸೆಪ್ಷನ್ನಲ್ಲೇ ಬ್ಯಾಗ್ ಇಟ್ಕೊಂಡು ತಿಂಡಿ ತಿಂದು ಹನ್ನೊಂದಕ್ಕೆ ಹೊರಡು. ದಾದರಲ್ಲಿ ಇಳಿದು ಸ್ಟೇಷನ್ನಿನ ಕ್ಲೋಕ್ ರೂಮಲ್ಲಿ ಬ್ಯಾಗ್ ಕೊಡು. ಬೀಗ ಹಾಕಿರೋ ಬ್ಯಾಗ್ ಮಾತ್ರ ತಗೋತಾರೆ, ಟಿಕೆಟ್ಟು, ಆಧಾರ್ ಕೇಳ್ತಾರೆ, ಚೈನಿಗೆ ಹಾಕೋ ಸಣ್ಣ ಬೀಗ ಈಗ್ಲೇ ತಗೊಂಡಿಟ್ಕೋ. ರಸೀದಿ ಫೋಟೋ ತೆಕ್ಕೋ. ಸೀರೆ, ಚಾರ್ಜರ್, ದುಡ್ಡು ಸಣ್ಣ ಕೈಚೀಲದಲ್ಲಿ ನಿನ್ನ ಹತ್ರಾನೇ ಇರ್ಲಿ. ಅಲ್ಲಿಂದ ಮಾಟುಂಗಾ ಒಂದೇ ಸ್ಟೇಷನ್, ಮಾಮ ಹೇಳಿದ ಊಟ ಮಂಗಳವಾರವೇ ಸಿಗುತ್ತೆ. ಗೊಂದಲ ಮಾಡ್ಕೋಬೇಡ, ಸೆಂಟ್ರಲ್ ಲೈನಲ್ಲಿರೋದು ಮಾಟುಂಗಾ, ವೆಸ್ಟರ್ನಲ್ಲಿರೋದು ಮಾಟುಂಗಾ ರೋಡ್, ಬೇರೆ ಬೇರೆ ಸ್ಟೇಷನ್, ನಿನಗೆ ಬೇಕಾಗಿರೋದು ಸೆಂಟ್ರಲಿಂದು.

ದಾದರಲ್ಲಿ ಮೊದಲು ಎರಡೂ ಲೈನಿಗೆ ಒಂದನೇ ನಂಬರ್ ಪ್ಲಾಟ್‌ಫಾರ್ಮ್ ಇತ್ತು, ಹೊಸಬರು ಕಂಗಾಲಾಗ್ತಿದ್ರು. 2023ರ ಡಿಸೆಂಬರಿಂದ ಸಾಲಾಗಿ ನಂಬರ್ ಕೊಟ್ಟಿದಾರೆ, 1ರಿಂದ 7 ವೆಸ್ಟರ್ನ್, 8ರಿಂದ 14 ಸೆಂಟ್ರಲ್. ನಿನ್ನ ಹುಬ್ಬಳ್ಳಿ ಗಾಡಿ ಸೆಂಟ್ರಲ್ ಕಡೆ. ಸಂಜೆ ಆರರಿಂದ ಎಂಟೂವರೆ ತನಕ ದಾದರ್ ಬ್ರಿಡ್ಜ್ ಮೇಲೆ ಕಾಲಿಡೋಕೆ ಜಾಗ ಇರಲ್ಲ, ಐದೂವರೆಗೇ ಬಂದು ಬ್ಯಾಗ್ ಬಿಡಿಸ್ಕೊಂಡು ಸೆಂಟ್ರಲ್ ಕಡೆ ಲೇಡೀಸ್ ವೇಟಿಂಗ್ ರೂಮಲ್ಲಿ ಕೂತ್ಕೋ.

ಸೋಮವಾರ ಬೆಳಿಗ್ಗೆ ಮ್ಯೂಸಿಯಮ್ಮಿಗೆ ಲೋಕಲ್ ಬೇಡ, ಮೆಟ್ರೋ ಹಿಡಿ. ಅಂಧೇರಿಯಿಂದ ಘಾಟ್‌ಕೋಪರ್ ಕಡೆ ಹೋಗೋ ಮೆಟ್ರೋದಲ್ಲಿ ಮರೋಳ್ ನಾಕಾ, ಅಲ್ಲಿ ಇಳಿದು ಅಕ್ವಾ ಲೈನ್, ನೆಲದಡಿ ಹೋಗುತ್ತೆ, ಸೀದಾ ಹುತಾತ್ಮಾ ಚೌಕ್. 2025ರ ಅಕ್ಟೋಬರಿಂದ ಕಫ್ ಪರೇಡ್‌ವರೆಗೂ ಓಡ್ತಿದೆ. ಅಲ್ಲಿಂದ ಮ್ಯೂಸಿಯಂ ನಡಿಗೆ ದೂರ.

ಈಗ ನೀನು ಕೊನೇಲಿ ಬರೆದಿದ್ದಕ್ಕೆ ಬರ್ತೀನಿ. ಮದ್ವೆ ಆಗಿ ಈ ಊರಿಗೆ ಬಂದಾಗ ನನಗೂ ಮಾತಿಗೆ ಜನ ಇರ್ಲಿಲ್ಲ, ಮನೆಯವರು ಬೆಳಿಗ್ಗೆ ಹೋದ್ರೆ ರಾತ್ರಿ. ನಾನು ಮಾತು ಕಲ್ತಿದ್ದೇ ಲೇಡೀಸ್ ಡಬ್ಬಾದಲ್ಲಿ. ನಿನ್ನ ಹಿಂದಿ ಹೇಗಿದ್ರೂ ಪರ್ವಾಗಿಲ್ಲ. ಒಳಗೆ ಹೋಗಿ ಕೂತಿರೋರನ್ನ "ಕಹಾಂ ಉತರೋಗೆ?" ಅಂತ ಕೇಳು. ಅವರು ಇಳಿಯೋ ಸ್ಟೇಷನ್ ಹೇಳ್ತಾರೆ, ಅಂದ್ರೆ ಆ ಸೀಟು ನಿನ್ನ ಹೆಸರಿಗೆ ಬರೆದಾಯ್ತು, ನಡುವೆ ಬೇರೆ ಯಾರಾದ್ರೂ ಕೂರೋಕೆ ಬಂದ್ರೆ ಅವರೇ ನಿನ್ನ ಕಡೆ ಕೈ ತೋರಿಸ್ತಾರೆ. ಮೂರು ಜನರ ಸೀಟಲ್ಲಿ ಸರಿದು ನಾಲ್ಕನೆಯವಳಿಗೆ ತುದೀಲಿ ಜಾಗ ಕೊಡೋದು ಇಲ್ಲಿನ ರೂಢಿ. ಮಧ್ಯಾಹ್ನದ ಖಾಲಿ ಹೊತ್ತಲ್ಲಿ ಹೋದ್ರೆ ಒಬ್ಬಳು ಮೆಂತ್ಯ ಸೊಪ್ಪು ಬಿಡಿಸ್ತಿರ್ತಾಳೆ, ಒಬ್ಬಳು ಕಿವಿಯೋಲೆ ಮಾರೋಕೆ ಬರ್ತಾಳೆ, ಇಪ್ಪತ್ತು ರೂಪಾಯಿದು ಒಂದು ಜೊತೆ ಆರಿಸೋಕೆ ಪಕ್ಕದೋಳೂ ಸಹಾಯಕ್ಕೆ ಬರ್ತಾಳೆ, ಅಲ್ಲೇ ಮಾತು ಶುರುವಾಗುತ್ತೆ. ರಾತ್ರಿ ತಡವಾದ್ರೆ ಪೊಲೀಸರು ಇರೋ ಲೇಡೀಸ್ ಡಬ್ಬಾ ನೋಡಿ ಹತ್ತು. ರೈಲ್ವೆ ಸಹಾಯಕ್ಕೆ 139, ಮುಂಬೈ ಪೊಲೀಸರ ಮಹಿಳಾ ಹೆಲ್ಪ್‌ಲೈನ್ 103, ಎರಡೂ ಸೇವ್ ಮಾಡ್ಕೋ.

ಬೇಜಾರಾದಾಗ ಹಾಸ್ಟೆಲಲ್ಲಿ ಮಲಗಿ ಮೊಬೈಲ್ ನೋಡೋದು ಬೇಡ, ಆಗ ಇನ್ನೂ ಜಾಸ್ತಿ ಆಗುತ್ತೆ. ಹಾಗಂತ ದಿನಕ್ಕೆ ನಾಲ್ಕು ಜಾಗ ಅಂತಾನೂ ಓಡ್ಬೇಡ. ಬೆಳಿಗ್ಗೆ ಒಂದು ಜಾಗ, ಸಂಜೆ ಸುಮ್ನೆ ಎಲ್ಲಾದ್ರೂ ಒಂದು ಕಡೆ ಕೂರೋದು, ಸಾಕು. ರಾತ್ರಿ ಮನೆಗೆ ಫೋನ್ ಮಾಡಿ ಏನ್ ತಿಂದೆ, ಯಾರ ಜೊತೆ ಮಾತಾಡ್ದೆ ಅಂತ ಹೇಳು, ಅಪ್ಪನಿಗೂ ನೆಮ್ಮದಿ.


ರಾಣೆಬೆನ್ನೂರು ಹುಡುಗಿ:

ಇಷ್ಟೊಂದು ಜನ ಇಷ್ಟು ಕಾಳಜಿಯಿಂದ ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ, ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು. ಮಾಮ, ನಿಮ್ಮ ರಾತ್ರಿ ಶಾಲೆ ವಿಷಯ ಅಪ್ಪಂಗೆ ಫೋನಲ್ಲಿ ಓದಿ ಹೇಳ್ದೆ, ಅವರೂ ಹುಡುಗರಾಗಿದ್ದಾಗ ದಾವಣಗೆರೆ ಹೋಟೆಲಲ್ಲಿ ಕೆಲಸ ಮಾಡಿದೋರು, ನನಗೆ ಇಷ್ಟು ದಿನ ಹೇಳೇ ಇರ್ಲಿಲ್ಲ, ಇವತ್ತು ಹೇಳಿದ್ರು. ನಿಮ್ಮನ್ನ ಕೇಳಿದ್ದೀನಿ ಅಂತ ಹೇಳು ಅಂದ್ರು.

ತತ್ಕಾಲ್ ಬಿಟ್ಟೆ. ನಾಳೆ ಬೆಳಿಗ್ಗೆ ಕಾನ್ಹೇರಿ, ನನ್ನ ರೂಮಿಗೆ ಇವತ್ತು ನಾಗಪುರದ ಹುಡುಗಿ ಒಬ್ಬಳು ಬಂದಿದಾಳೆ, ಕೇಳಿದ್ದಕ್ಕೆ ನಾನೂ ಬರ್ತೀನಿ ಅಂದ್ಲು. ಸೋಮವಾರ ಮ್ಯೂಸಿಯಂ, ಐಹೊಳೆ ಕಲ್ಲುಗಳನ್ನ ನೋಡಿಯೇ ಬರ್ತೀನಿ. ಐಹೊಳೆಗೆ ಹೈಸ್ಕೂಲಲ್ಲಿ ಹೋಗಿದ್ದೆ, ಅಲ್ಲಿದ್ದದ್ದು ಇಲ್ಲಿದೆ ಅಂತ ಯಾರೂ ಹೇಳಿರ್ಲಿಲ್ಲ. ಧಾರವಾಡದ ಅಣ್ಣ, ಎಲಿಫೆಂಟಾ ಬಗ್ಗೆ ನೀವು ಬರೆದಿದ್ದು ಓದಿ ಹೋಗ್ಬೇಕು ಅಂತ ತುಂಬಾ ಅನ್ಸುತ್ತೆ, ಆದ್ರೆ ಅಕ್ಕ ಹೇಳಿದ್ದೂ ಸರಿ, ಒಬ್ಬಳೇ ಬ್ಯಾಗ್ ಹೊತ್ಕೊಂಡು ಓಡೋ ಧೈರ್ಯ ಇಲ್ಲ.

ಒಂದು ಸಣ್ಣ ಪ್ರಶ್ನೆ ಅಕ್ಕ, ಮಂಗಳವಾರ ಮಾಟುಂಗಾದಲ್ಲಿ ಊಟ ಆದ್ಮೇಲೆ ಐದೂವರೆವರೆಗೂ ಟೈಮಿರುತ್ತಲ್ಲಾ, ಹುಡುಗಿ ಒಬ್ಬಳೇ ಸುಮ್ನೆ ಕೂತ್ರೆ ಯಾರೂ ಏನೂ ಅನ್ನದೇ ಇರೋ ಜಾಗ ಅಲ್ಲಿ ಯಾವುದಿದೆ?


ಡೊಂಬಿವ್ಲಿ ಧಾರವಾಡದಾಂವ:

ಆತು ತಂಗೀ, ಅಕ್ಕಾರ ಮಾತ ಕೇಳು, ನಂದೇನ ಹಟಾ ಇಲ್ಲ. ಬ್ಯಾಗಿನ ವಿಚಾರ ನನ್ನ ತಲ್ಯಾಗ ಬಂದಿರಲಿಲ್ಲ. ಮುಂದಿನ ಸಲ ಅಪ್ಪಾ ಅವ್ವನ ಕರ್ಕೊಂಡ ಬಂದಾಗ ಡಿಸೆಂಬರ್, ಜನವರಿಯೊಳಗ ಬಾ, ಮಳಿಗಾಲದಾಗ ಬೋಟಿನ ಭರೋಸಾ ಇರೂದಿಲ್ಲ. ಹುಬ್ಬಳ್ಳಿ ಗಾಡಿಯೊಳಗ ಮುಂಜಾನೆ ಬೆಳಗಾವಿ ದಾಟಿದ ಮ್ಯಾಲೆ ಕಿಡಕಿ ಕಡೆ ಕುಂದ್ರು, ಲೋಂಡಾ ಅಳ್ನಾವರ ಕಾಡು ಭಾಳ ಚಲೋ ಇರ್ತೈತಿ.


ಮುಲುಂಡ್ ಅಕ್ಕ:

ಫೈವ್ ಗಾರ್ಡನ್ಸ್‌ಗೆ ಹೋಗು, ಮಾಟುಂಗಾ ಈಸ್ಟಿಂದ ನಡಿಗೆ ದೂರ, ಹಳೇ ಮರಗಳ ನೆರಳಿದೆ, ಅಜ್ಜಿಯರು, ಕಾಲೇಜು ಹುಡುಗೀರು, ಮಕ್ಕಳನ್ನ ಕರ್ಕೊಂಡು ಬರೋ ತಾಯಂದಿರು ಎಲ್ಲಾ ಇರ್ತಾರೆ. ಯಾರೂ ಏನೂ ಕೇಳಲ್ಲ.

ಇನ್ನೊಂದು ಮಾತು, ನಿನಗೆ ಇಷ್ಟ ಇದ್ರೆ ಮಾತ್ರ. ಮಂಗಳವಾರ ನನಗೆ ಮಾಟುಂಗಾದಲ್ಲಿ ಕೆಲಸ ಇದೆ, ಮಗಳ ಸಂಗೀತದ ಟೀಚರ್ ಅಲ್ಲೇ ಇರೋದು. ಹನ್ನೆರಡಕ್ಕೆ ಮೊದಲೇ ಬೋರ್ಡಿಂಗಿನ ಮೆಟ್ಟಿಲ ಹತ್ರ ಇರ್ತೀನಿ, ಮಗಳೂ ಜೊತೇಲಿರ್ತಾಳೆ, ಮೂರೂ ಜನ ಸೇರಿ ಊಟ ಮಾಡೋಣ. ಬರೋ ಮುಂಚೆ ಹಾಸ್ಟೆಲಲ್ಲೂ ಮನೇಲೂ ಯಾರ ಜೊತೆ, ಎಲ್ಲಿ ಅಂತ ಹೇಳಿ ಬಾ, ಅಪರಿಚಿತರನ್ನ ಭೇಟಿ ಮಾಡುವಾಗ ಯಾವಾಗ್ಲೂ ಹಾಗೇ ಮಾಡ್ಬೇಕು. ಬರೋದಾದ್ರೆ ಹನ್ನೊಂದಕ್ಕಿಂತ ತಡ ಮಾಡ್ಬೇಡ, ಕ್ಲೋಕ್ ರೂಮಲ್ಲಿ ಸ್ವಲ್ಪ ಹೊತ್ತಾಗುತ್ತೆ. ದಾದರಲ್ಲಿ ಸ್ಲೋ ಲೋಕಲೇ ಹತ್ತು, ಫಾಸ್ಟ್ ಹತ್ತಿದ್ರೆ ಮಾಟುಂಗಾದಲ್ಲಿ ನಿಲ್ಲಲ್ಲ, ಕುರ್ಲಾಗೆ ಹೋಗಿಬಿಡ್ತೀಯ.